ಜೋಡಿ ಸೈಕಲ್ಲಿಗೆ ನಾನು ಎಳೆದ ಗೆರೆ

ನಾನು ಬಳಿದ ಹಳದಿ ಬಣ್ಣ ಇನ್ನೂ ಹೋಗಿಲ್ಲ. ಸೀಮೆಎಣ್ಣೆ ಸುರಿದು ಉಜ್ಜಿದೆ, ತಂತಿ ಬ್ರಷ್ಷಿನಿಂದ ಕೆರೆದೆ, ಅದರ ಮೇಲೆ ಕಪ್ಪು ಬಣ್ಣವನ್ನೂ ಬಳಿದು ನೋಡಿದೆ. ಕಪ್ಪು ಒಂದು ಮಳೆಗಾಲಕ್ಕೇ ತೊಳೆದುಹೋಯಿತು. ಹಳದಿ ಮಾತ್ರ ನಿನ್ನೆ ಬಳಿದಂತೆ ಹೊಳೆಯುತ್ತಿದೆ. ರಸ್ತೆಯವರು ಬಳಿಯುವ ಬಣ್ಣ ಬೇಸಿಗೆ ಮುಗಿಯುವಷ್ಟರಲ್ಲಿ ಮಾಸುತ್ತದೆ, ನನ್ನದು ಮಾಸುವುದಿಲ್ಲ. ಅಂಗಡಿಯವನು ಸಾಧಾರಣ ಬಣ್ಣದ ಡಬ್ಬ ಮುಂದಿಟ್ಟಾಗ ಅದು ಬೇಡ, ಕಾರ್ಖಾನೆಯ ನೆಲಕ್ಕೆ ಬಳಿಯುತ್ತಾರಲ್ಲ, ಅದೇ ಬೇಕು ಎಂದು ಹಟ ಹಿಡಿದವನು ನಾನೇ.

ಈ ಗೆರೆ ಇರುವುದು ತಮಿಳುನಾಡಿನ ಗಡಿಯಲ್ಲಿ, ಸೂಳಗಿರಿ ಕಡೆಯಿಂದ ಬೇರಿಕೆಗೆ ಹೋಗುವ ರಸ್ತೆಯಲ್ಲಿ, ನಮ್ಮೂರಿನ ಬೇವಿನ ಮರದಿಂದ ಹಳ್ಳದ ಮೋರಿಯ ಆಚೆಯವರೆಗೆ. ಟಾರಿನ ಎಡ ಅಂಚಿನಿಂದ ಎರಡು ಗೇಣು ಬಿಟ್ಟು ಎಳೆದಿದ್ದೇನೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹೆಣ್ಣುಮಕ್ಕಳು ಜೋಡಿ ಜೋಡಿಯಾಗಿ ಹೋಗದೆ, ಒಬ್ಬರ ಹಿಂದೆ ಒಬ್ಬರಾಗಿ ಈ ಗೆರೆಯೊಳಗೇ ಹೋಗಲಿ ಎಂದು. ಯಾರೂ ನನಗೆ ಹೇಳಿರಲಿಲ್ಲ. ಪಂಚಾಯಿತಿಯವರೂ ಕೇಳಿರಲಿಲ್ಲ. ಕೇಳದೆ ಮಾಡಿದ ಉಪಕಾರ ಎಂದು ಆಗ ಬೀಗಿದ್ದೆ. ಹಾಗೆ ಬೀಗಿದ್ದರಿಂದ ಏನಾಯಿತು ಎಂಬುದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ. ಬರೆಯಲು ಕುಳಿತರೂ ಮೊದಲು ಬರುವುದು ಸಿಟ್ಟೇ. ಆ ರಸ್ತೆಯ ಮೇಲೆ, ಆ ವ್ಯಾನುಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದವನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ, ಮೀಸೆ ಸರಿಯಾಗಿ ಮೂಡುವ ಮೊದಲೇ ಅಲ್ಲಿ ಸೇರಿದೆ. ಅಲ್ಲಿ ಕೆಲಸ ಕಲಿಸುವುದಕ್ಕೆ ಮೊದಲು ನಡೆಯುವುದನ್ನು ಕಲಿಸಿದರು. ನೆಲದ ಮೇಲೆ ಎರಡು ಹಳದಿ ಗೆರೆ. ಅದರ ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಆಚೆ ಫೋರ್ಕ್‌ಲಿಫ್ಟ್, ಸರಕು ಎತ್ತುವ ಗಾಡಿ, ಓಡಾಡುತ್ತದೆ. ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ಹರಟುತ್ತಾ ಹೋದರೆ ನಮ್ಮ ಮೇಲಿನವನು ದೂರದಿಂದಲೇ ಕೂಗುತ್ತಿದ್ದ: "ಎನ್ನಪ್ಪಾ, ಮಾಪಿಳ್ಳೈ ಊರ್ವಲಮಾ?" ಮದುವೆ ಗಂಡಿನ ಮೆರವಣಿಗೆಯೋ ಎಂದು. ಎಲ್ಲರೂ ನಗುತ್ತಿದ್ದರು, ಆ ಇಬ್ಬರು ತಲೆ ತಗ್ಗಿಸಿ ಸಾಲಿಗೆ ಬರುತ್ತಿದ್ದರು. ನನ್ನನ್ನು ಅಲ್ಲಿನ ಸುರಕ್ಷತಾ ಸಮಿತಿಗೂ ಹಾಕಿಕೊಂಡಿದ್ದರು. ಸುರಕ್ಷತಾ ಸಪ್ತಾಹದಲ್ಲಿ ಒಂದು ಸ್ಟೀಲ್ ಊಟದ ಕ್ಯಾರಿಯರ್ ಬಹುಮಾನವಾಗಿ ಬಂತು. ಅದು ಈಗಲೂ ನಮ್ಮ ಮನೆಯ ಅಟ್ಟದಲ್ಲಿದೆ. ಅದನ್ನು ಕಂಡಾಗಲೆಲ್ಲ ನನ್ನ ಹೆಂಡತಿ, "ನಿಮ್ ತಲೆ ಕೆಡ್ಸಿದ್ದೇ ಇದು" ಅನ್ನುತ್ತಾಳೆ.

ನಿವೃತ್ತನಾದ ಮೇಲೆ ಊರಿಗೆ ಬಂದು, ಇದ್ದ ಸ್ವಲ್ಪ ಜಾಗದಲ್ಲಿ ಗುಲಾಬಿ ಹಾಕಿದೆ. ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟು ಕಟ್ಟಿ, ಮೊಪೆಡ್ಡಿನ ಹಿಂದೆ ಏರಿಸಿಕೊಂಡು ಬೇರಿಕೆಗೆ ಒಯ್ಯಬೇಕು. ಅಲ್ಲಿ ಹೂವಿನ ವ್ಯಾನು ಕಾಯುತ್ತಿರುತ್ತದೆ, ಅಥವಾ ಕಾಯುವುದಿಲ್ಲ. ಬಿಸಿಲು ಏರಿದರೆ ಮೊಗ್ಗು ಬಿರಿಯುತ್ತದೆ. ಬಿರಿದದ್ದನ್ನು ವ್ಯಾನಿನವನು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಬೆಳಗಿನ ಹೊತ್ತು ನನಗೆ ಯಾರೂ ಅಡ್ಡ ಬರಬಾರದು.

ಅಡ್ಡ ಬರುತ್ತಿದ್ದವರು ಆ ಹೆಣ್ಣುಮಕ್ಕಳು. ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ, ಸೇರಿದವರಿಗೆ ಸರಕಾರ ಸೈಕಲ್ ಕೊಡುತ್ತದೆ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಬುಟ್ಟಿ, ಒಂದೇ ಥರ ಕಿರಗುಟ್ಟುವ ಸೀಟು. ನಮ್ಮೂರು, ಪಕ್ಕದೂರು ಸೇರಿ ಒಂದು ಹಿಂಡು ಹುಡುಗಿಯರು ಬೇವಿನ ಮರದ ಹತ್ತಿರ ಕೂಡಿಕೊಂಡು ಹೊರಡುತ್ತಿದ್ದರು. ಇಬ್ಬಿಬ್ಬರು ಜೋಡಿ. ಮಾತು, ನಗು, ಒಬ್ಬಳ ಬುಟ್ಟಿಯಿಂದ ಇನ್ನೊಬ್ಬಳು ಕಡಲೆಕಾಯಿ ತೆಗೆದುಕೊಳ್ಳುವುದು. ಹಿಂದೆ ನಾನು. ನನ್ನ ಹಿಂದೆ ಟೊಮೇಟೊ ಟೆಂಪೊ. ಅದರ ಹಿಂದೆ, ಸೂಳಗಿರಿಯ ಹೊಸ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರನ್ನು ಮನೆಗೆ ಬಿಡುವ ವ್ಯಾನು. ಡ್ರೈವರನಿಗೆ ನಿದ್ದೆ, ಒಳಗಿರುವವರಿಗೂ ನಿದ್ದೆ.

ನಾನು ಹಾರ್ನ್ ಒತ್ತುತ್ತಿದ್ದೆ. ಬರೀ ಒತ್ತುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಸದ್ದು ಮಾಡದೆ ಹಿಂದಿನಿಂದ ತೀರಾ ಹತ್ತಿರ ಹೋಗಿ ಒಮ್ಮೆಲೇ ಒತ್ತುತ್ತಿದ್ದೆ. ಹುಡುಗಿಯರು ಬೆಚ್ಚಿ ಚೆದುರಿ ಹೋಗುವುದನ್ನು ನೋಡಲು ನನಗೆ ಒಳಗೊಳಗೆ ಖುಷಿಯಾಗುತ್ತಿತ್ತು. ಈ ವಯಸ್ಸಿನಲ್ಲಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖುಷಿಯಾಗುತ್ತಿದ್ದದ್ದು ನಿಜ.

ಒಂದು ದಿನ ದಾಟಿ ಹೋಗುವಾಗ ಕೂಗಿದೆ: "ಏನಮ್ಮೀ, ಮೆರವಣಿಗೇನಾ? ರೋಡು ನಿಮ್ಮಪ್ಪಂದಾ?"

ಮುಂದಿನ ಜೋಡಿಯಲ್ಲಿ ಹೊರಗಡೆ ಇದ್ದವಳು ಗಟ್ಟಿ ಗಂಟಲಿನ ಹುಡುಗಿ. ಅವಳು ತಿರುಗಿ, "ನಮ್ಮಪ್ಪಂದಲ್ಲ ತಾತ. ನಿಮ್ಮಪ್ಪಂದೂ ಅಲ್ಲ" ಅಂದಳು. ಹಿಂಡೆಲ್ಲ ನಕ್ಕಿತು. ಅವಳ ಎಡಕ್ಕೆ, ಟಾರಿನ ಒಳ ಅಂಚಿನಲ್ಲಿದ್ದವಳು ನಮ್ಮೂರಿನ ಟೆಂಪೊದವನ ಮಗಳು. ಅವಳು ನಗಲಿಲ್ಲ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮುಂದಿನ ಚಕ್ರವನ್ನೇ ನೋಡುತ್ತಿದ್ದಳು. ಅದನ್ನು ನಾನು ಕಂಡೆ, ಆದರೆ ಯಾಕೆ ಹಾಗೆ ಎಂದು ಯೋಚಿಸಲಿಲ್ಲ.

ಮನೆಗೆ ಬಂದು ಹಾರಾಡಿದೆ. ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

"ಬೆಳಗಾನೆದ್ದು ಆ ಹೆಣ್ಮಕ್ಳ ಮೇಲೆ ಯಾಕಂಗ್ ಉರಿದು ಬೀಳ್ತೀರ? ಅವು ಮಾತಾಡ್ಕೊಂಡ್ ಹೋದ್ರೆ ನಿಮ್ ಗಂಟೇನ್ ಹೋತದೆ?"

"ಲಾರಿ ಹೊಡ್ದ್ರೆ ಗೊತ್ತಾಗ್ತದೆ."

"ಲಾರಿ ಹೊಡ್ಯೋಕ್ ಮುಂಚೆ ನೀವೇ ಹೆದ್ರಿಸಿ ಬೀಳಿಸ್ತೀರ, ನೋಡ್ತಾ ಇರಿ."

ಬೇರಿಕೆಯ ಟೀ ಅಂಗಡಿಯಲ್ಲೂ ಇದೇ ವಾದ. ಸೈಕಲ್ಲಿನವರು ಜೋಡಿಯಾಗಿ ಹೋಗಬಹುದೋ ಬಾರದೋ? ಬಸ್ ಕಂಡಕ್ಟರೊಬ್ಬ, ಹೋಗಲೇಬಾರದು, ಅದು ಕಾನೂನು ಅಂದ. ಯಾವ ಕಾನೂನು ಅಂದರೆ ಅವನಿಗೂ ಗೊತ್ತಿಲ್ಲ. ಹಾಲಿನವನು, "ದಾರಿ ಅಗಲ ಇದ್ರೆ ಹೋಗ್ಲಿ, ಇಲ್ದಿದ್ರೆ ಬೇಡ" ಅಂದ. ಇಲ್ಲಿ ಅಗಲವಾದ ದಾರಿ ಎಲ್ಲಿದೆ? ಎರಡು ಟೆಂಪೊ ಎದುರಾದರೆ ಒಂದರ ಚಕ್ರ ಮಣ್ಣಿಗೆ ಇಳಿಯಬೇಕು. ಟಾರಿನ ಮೇಲೆ ಟಾರು ಸುರಿದು ಅಂಚು ಒಂದು ಗೇಣು ಎತ್ತರವಾಗಿದೆ. ಮಣ್ಣು ಕೆಳಗೆ, ಟಾರು ಮೇಲೆ. ಇಂಥ ರಸ್ತೆ ಮಾಡಿದವರಿಗೆ ಒಂದು ಮಾತೂ ಹೇಳದವನು ನಾನು.

ಇನ್ನೊಂದನ್ನೂ ಹೇಳಿಬಿಡಬೇಕು. ಭಾನುವಾರ ಬೆಂಗಳೂರಿನ ಕಡೆಯಿಂದ ಸೈಕಲ್ ಸವಾರರು ಬರುತ್ತಾರೆ. ಮೈಗೆ ಅಂಟಿದ ಬಟ್ಟೆ, ತಲೆಗೆ ಹೆಲ್ಮೆಟ್, ಹಿಂದೆ ಮಿಣುಕುವ ಕೆಂಪು ದೀಪ. ಅವರೂ ಇಬ್ಬಿಬ್ಬರು ಜೋಡಿಯಾಗಿಯೇ ಹೋಗುತ್ತಾರೆ. ಅವರ ಹಿಂದೆ ಕಾರುಗಳು ತೆಪ್ಪಗೆ ನಿಧಾನವಾಗುತ್ತವೆ. ನಾನೂ ಎಷ್ಟೋ ಸಲ ಹೂವಿನ ಕಟ್ಟು ಹೊತ್ತುಕೊಂಡು ಅವರ ಹಿಂದೆ ಹೋಗಿದ್ದೇನೆ. ಒಂದು ಸಲವೂ ಹಾರ್ನ್ ಒತ್ತಲಿಲ್ಲ. ನಿಮ್ಮಪ್ಪನ ರೋಡಾ ಎಂದು ಅವರನ್ನು ಕೇಳುವ ಗಂಟಲು ನನಗಿರಲಿಲ್ಲ. ನನ್ನ ಗಂಟಲು ಎದ್ದದ್ದು ಎರಡು ಜಡೆ ಹಾಕಿದವರ ಮುಂದೆ ಮಾತ್ರ.

ಶಾಲೆಗೆ ಹೋಗಿ ದೂರು ಕೊಟ್ಟೆ. ದೊಡ್ಡ ಟೀಚರಮ್ಮ ಒಳ್ಳೆಯವರು, ಅವರಿಗೂ ರಸ್ತೆಯ ಭಯವಿತ್ತು. "ಅಯ್ಯಾ, ನೀಂಗಳೇ ಸೊಲ್ಲುಂಗ" ಎಂದರು, ನೀವೇ ಹೇಳಿ ಎಂದು. ಪ್ರಾರ್ಥನೆ ಮುಗಿದ ಮೇಲೆ ನನ್ನ ಕೈಗೆ ಮೈಕ್ ಕೊಟ್ಟರು. ಮೈಕ್ ಹಿಡಿದವನ ತಲೆ ಎಲ್ಲಿ ನಿಲ್ಲುತ್ತದೆ? ನಿಯಮಗಳನ್ನು ತಮಿಳಿನಲ್ಲಿ ಹೇಳಿದೆ, ಬೈಗುಳವನ್ನು ಕನ್ನಡದಲ್ಲಿ, ತಮಾಷೆಯನ್ನು ತೆಲುಗಿನಲ್ಲಿ. ಕಾರ್ಖಾನೆಯ ಹಳದಿ ಗೆರೆಯ ಕಥೆ ಹೇಳಿದೆ. ಇನ್ನು ಮುಂದೆ ಜೋಡಿ ಇಲ್ಲ, ಸಾಲು ಮಾತ್ರ, ಹಿಂದಕ್ಕೆ ತಿರುಗಿ ನೋಡುತ್ತಾ ಹರಟೆ ಹೊಡೆಯುವಂತಿಲ್ಲ ಎಂದೆ.

ಗಟ್ಟಿ ಗಂಟಲಿನ ಹುಡುಗಿ ಕೈ ಎತ್ತಿದಳು. "ತಾತ, ಸಾಲಾಗ್ ಹೋದ್ರೆ ಎಲ್ಲಾರ್ಗಿಂತ ಹಿಂದೆ ಇರೋಳ್ನ ಯಾರ್ ನೋಡ್ಬೇಕು?"

ನಾನು ತಡಮಾಡದೆ, "ಹಿಂದೆ ಇರೋಳು ಮುಂದೆ ಇರೋಳ್ನ ನೋಡ್ಕೊಂಡ್ ಬಂದ್ರೆ ಸಾಕು" ಅಂದೆ. ಮಕ್ಕಳು ನಕ್ಕರು. ಅವಳು ಕೈ ಇಳಿಸಿದಳು. ಎಂಥ ಒಳ್ಳೆಯ ಉತ್ತರ ಕೊಟ್ಟೆ ಎಂದು ಮನೆಯವರೆಗೂ ಮೀಸೆ ಸವರಿಕೊಂಡು ಬಂದೆ.

ಆ ವಾರವೇ ಬಣ್ಣ ತಂದೆ. ಗೆರೆ ನೇರ ಬರಲೆಂದು ಎರಡು ಕಲ್ಲಿಗೆ ಹಗ್ಗ ಕಟ್ಟಿದೆ. ಒಂದು ತುದಿ ಹಿಡಿ ಎಂದರೆ ಹೆಂಡತಿ ಬರಲಿಲ್ಲ. "ಈ ಹುಚ್ಚಾಟಕ್ಕೆಲ್ಲ ನಾನ್ ಬರಾಕಿಲ್ಲ" ಅಂದಳು. ನಾನೊಬ್ಬನೇ ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬಳಿಯುತ್ತಿದ್ದಾಗ ಬಸ್ಸಿನವನು ಬೆನ್ನ ಹಿಂದೆಯೇ ಬಂದು ಹಾರ್ನ್ ಒತ್ತಿದ. ಬ್ರಷ್ಷು ಕೈಯಿಂದ ಜಾರಿತು. ಮನುಷ್ಯ ಕುಳಿತಿರುವುದು ಕಾಣುವುದಿಲ್ಲವೇನೋ ಎಂದು ಬಸ್ಸಿನ ಹಿಂದೆ ಕೂಗಾಡಿದೆ. ಮೊನ್ನೆಯವರೆಗೆ ನಾನೂ ಹೀಗೇ ಒತ್ತುತ್ತಿದ್ದೆ ಎಂಬುದು ಆಗ ಹೊಳೆಯಲೇ ಇಲ್ಲ.

ಟೆಂಪೊದವನು ಮಾತ್ರ ಗಾಡಿ ನಿಲ್ಲಿಸಿ ನೋಡಿದ. "ಒಳ್ಳೆ ಕೆಲ್ಸ ಮಾಡ್ದೆ ಕಣಣ್ಣ. ಈ ಹುಡ್ಗೀರ್ ಮಧ್ಯ ಗಾಡಿ ಓಡ್ಸೋದಂದ್ರೆ ತಲೆ ಚಿಟ್ಟಿಡೀತದೆ. ನಮ್ ಹುಡ್ಗೀಗೂ ಹೇಳ್ತೀನಿ, ಗೆರೆ ಒಳ್ಗೇ ಹೋಗು ಅಂತ."

ಹೇಳಿದ. ಅವಳು ಹಾಗೇ ಹೋದಳು.

ಮೊದಲ ಕೆಲವು ದಿನ ನನಗೆ ಹಬ್ಬ. ಹುಡುಗಿಯರು ಇರುವೆ ಸಾಲಿನಂತೆ ಎಡ ಅಂಚಿನಲ್ಲಿ ಹೋಗುತ್ತಿದ್ದರು. ದಾರಿ ಬಿಟ್ಟಿತು. ನನಗೆ ಬಿಟ್ಟ ದಾರಿ ಎಲ್ಲರಿಗೂ ಬಿಟ್ಟಿತು. ಮೊದಲು ಜೋಡಿಗಳ ಹಿಂದೆ ಗೊಣಗುತ್ತಾ ನಿಧಾನವಾಗಿ ಬರುತ್ತಿದ್ದ ವ್ಯಾನುಗಳು ಈಗ ನಿಧಾನವಾಗುವುದನ್ನೇ ಬಿಟ್ಟವು. ಎದುರಿಗೆ ಬಸ್ ಬರುತ್ತಿದ್ದರೂ, ಬಸ್ಸಿಗೂ ಸೈಕಲ್ಲಿಗೂ ನಡುವೆ ತೂರಿಕೊಂಡು ಹೋಗತೊಡಗಿದವು. ಜಾಗ ಇದೆಯಲ್ಲ ಎಂಬ ಧೈರ್ಯ. ಆ ಜಾಗ ಮಾಡಿಕೊಟ್ಟವನು ನಾನು. ವ್ಯಾನಿನ ಗಾಳಿಗೆ ಹುಡುಗಿಯರ ದಾವಣಿ ಹಾರುವುದನ್ನು ಕಂಡೆ. ಆದರೂ ಸಾಲು ಮುರಿದಿಲ್ಲ ನೋಡು ಎಂದು ಹೆಮ್ಮೆಪಟ್ಟೆ.

ಒಂದು ದಿನ ಮಂಜು ಬಿದ್ದಿದ್ದರಿಂದ ಕಟ್ಟು ಕಟ್ಟುವುದು ತಡವಾಯಿತು. ನಾನು ಹೊರಟಾಗ ಹುಡುಗಿಯರು ಆಗಲೇ ಹೋಗಿದ್ದರು. ಬೇವಿನ ಮರ ದಾಟುವಷ್ಟರಲ್ಲಿ ಒಂದು ವ್ಯಾನು ನನ್ನನ್ನು ಸವರಿಕೊಂಡೇ ಮುಂದೆ ಹೋಯಿತು. ಬೈದುಕೊಂಡೆ. ಮೋರಿಯ ಹತ್ತಿರ ಬಂದಾಗ ದೂರದಲ್ಲಿ, ತಿರುವಿನ ಈಚೆ, ಸೈಕಲ್ಲುಗಳ ಸಾಲು ಕಂಡಿತು. ಹಗ್ಗ ಹಿಡಿದಂತೆ ನೇರವಾಗಿತ್ತು. ಆ ಸಾಲನ್ನು ನೋಡಿಕೊಂಡೇ ಮೋರಿ ದಾಟುತ್ತಿದ್ದೆ. ಗೆರೆಯ ಪಕ್ಕ, ಟಾರಿನ ಅಂಚಿನಲ್ಲಿ, ಒಂದು ನೀಲಿ ನೀರಿನ ಬಾಟಲಿ ಬಿದ್ದಿತ್ತು. ಮುಚ್ಚಳ ಹಾಕಿಯೇ ಇತ್ತು, ನೀರು ತುಂಬಿತ್ತು. ಬೀಳಿಸಿಕೊಂಡದ್ದೂ ಗೊತ್ತಾಗದೆ ಹೋಗಿದ್ದಾರೆ, ಈಗಿನ ಮಕ್ಕಳಿಗೆ ಯಾವುದರ ಮೇಲೂ ನಿಗಾ ಇಲ್ಲ ಎಂದುಕೊಂಡೆ. ಮೊಪೆಡ್ ನಿಲ್ಲಿಸಲಿಲ್ಲ.

ಬೇರಿಕೆಯಲ್ಲಿ ಹೂವು ಕೊಟ್ಟು, ಟೀ ಕುಡಿದು, ಕಂಡಕ್ಟರನ ಮುಂದೆ ನನ್ನ ಸಾಲಿನ ಬಗ್ಗೆ ಕೊಚ್ಚಿಕೊಂಡೆ. ವಾಪಸು ಬರುವಾಗ ಮೋರಿಯ ಹತ್ತಿರ ಜನ ಸೇರಿದ್ದರು. ಮೇಕೆ ಮೇಯಿಸುವ ಹೆಂಗಸೊಬ್ಬಳು ಎದೆ ಬಡಿದುಕೊಳ್ಳುತ್ತಾ, "ಅಯ್ಯೋ, ಪಿಲ್ಲ ಪಡಿಪೋಯಿಂದಯ್ಯಾ, ಎವರೂ ಚೂಡಲೇದು" ಎಂದು ತೆಲುಗಿನಲ್ಲಿ ಹೇಳುತ್ತಿದ್ದಳು, ಮಗು ಬಿದ್ದಿದೆ, ಯಾರೂ ನೋಡಲಿಲ್ಲ ಎಂದು. ಕೆಳಗೆ ಒಣಗಿದ ಹಳ್ಳದಲ್ಲಿ ಟೆಂಪೊದವನ ಮಗಳು ಬಿದ್ದಿದ್ದಳು. ಒಂದು ಕಾಲು ನೋಡಬಾರದ ಹಾಗೆ ಮಡಿಸಿಕೊಂಡಿತ್ತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವಳು ಗಟ್ಟಿ ಗಂಟಲಿನ ಹುಡುಗಿ. ಶಾಲೆಯ ಗೇಟಿನಲ್ಲಿ ಇಳಿದು ನೋಡಿದರೆ ಸಾಲಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಗೆಳತಿ ಇಲ್ಲ. ಬರುತ್ತಾಳೆ ಬಿಡು ಎಂದರಂತೆ ಉಳಿದವರು. ಬೆಲ್ ಹೊಡೆದರೂ ಇವಳು ಒಳಗೆ ಹೋಗದೆ ಹಿಂದಕ್ಕೆ ಬಂದಿದ್ದಳು.

ಆದದ್ದು ಇಷ್ಟು. ವ್ಯಾನು ತೀರಾ ಹತ್ತಿರ ಬಂತು, ಟೆಂಪೊದವನ ಮಗಳು ಎಡಕ್ಕೆ ಸರಿದಳು. ಗೆರೆಯೊಳಗೆ ಸರಿಯಲು ಎಲ್ಲಿದೆ ಜಾಗ? ಎರಡು ಗೇಣು. ಮುಂದಿನ ಚಕ್ರ ಟಾರಿನ ಅಂಚಿನಿಂದ ಜಾರಿ, ಸೈಕಲ್ ಸಮೇತ ಮೋರಿಯ ಕೆಳಗೆ ಹೋದಳು. ಕೂಗಿದಳು. ವ್ಯಾನಿನ ಸದ್ದಿನಲ್ಲಿ ಮುಂದಿನವರಿಗೆ ಕೇಳಿಸಲಿಲ್ಲ. ತಿರುಗಿ ನೋಡಬಾರದೆಂದು ನಾನು ಮೈಕಿನಲ್ಲಿ ಹೇಳಿದ್ದೆ.

ನಾನು ದಡದಲ್ಲೇ ನಿಂತಿದ್ದೆ. ಗಟ್ಟಿ ಗಂಟಲಿನ ಹುಡುಗಿ ತಲೆ ಎತ್ತಿ, "ಸುಮ್ನೆ ನಿಂತ್ಕೊಂಡ್ರೆ ಹೆಂಗೆ ತಾತ? ಸೈಕಲ್ ಎತ್ರಿ, ಆಕೆ ಕಾಲ್ ಮೇಲೈತೆ" ಅಂದಳು. ಇಳಿದು ಎತ್ತಿದೆ. ಆಂಬುಲೆನ್ಸ್ ಬಂದು ಹೊಸೂರಿಗೆ ಕರೆದುಕೊಂಡು ಹೋಯಿತು. ನೀಲಿ ಬಾಟಲಿ ಅಲ್ಲೇ ಬಿದ್ದಿತ್ತು. ಯಾರೂ ನೋಡದಿರುವಾಗ ಅದನ್ನು ಎತ್ತಿ ಮೊಪೆಡ್ಡಿನ ಡಬ್ಬದಲ್ಲಿ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ತಿಳಿಯದು.

ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಒಳಗೆ ಕಂಬಿ ಹಾಕಿ, ಮೇಲೆ ಬ್ಯಾಂಡೇಜು ಸುತ್ತಿ ಮನೆಗೆ ಕಳಿಸಿದರು. ಊರಿನವರೆಲ್ಲ ವ್ಯಾನಿನವನನ್ನು ಬೈದರು. ನಾನೂ ಜೋರಾಗಿಯೇ ಬೈದೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಮೈ ಉರಿಸುತ್ತಿತ್ತು. ಹೆಂಡತಿ ಒಬ್ಬಳೇ ಆ ರಾತ್ರಿ ಊಟಕ್ಕೆ ಬಡಿಸುತ್ತಾ, "ಆಕೆ ಎಷ್ಟೊತ್ತು ಬಿದ್ದಿದ್ಳೋ ಪಾಪ. ನೀವೂ ಅದೇ ದಾರೀಲಿ ಹೋದ್ರಲ್ಲ, ಏನೂ ಕಾಣಿಸ್ಲಿಲ್ವಾ?" ಎಂದು ಕೇಳಿದಳು. ಇಲ್ಲ ಅಂದೆ. ಬಾಟಲಿ ಡಬ್ಬದಲ್ಲೇ ಇತ್ತು.

ಆಮೇಲೆ ಟೆಂಪೊದವನು ಹೇಳಿದ ಸುದ್ದಿ ಇನ್ನೂ ಕೆಟ್ಟದ್ದು. ಮಗಳನ್ನು ಇನ್ನು ಶಾಲೆಗೆ ಕಳಿಸುವುದಿಲ್ಲವಂತೆ. ಬಸ್ಸು ಬರುತ್ತದೆ, ಆದರೆ ಬಾಗಿಲಲ್ಲಿ ಜೋತುಬಿದ್ದ ಜನ ನೋಡಿ ನಮ್ಮೂರಲ್ಲಿ ನಿಲ್ಲಿಸುವುದೇ ಇಲ್ಲ. ಸೈಕಲ್ಲಂತೂ ಬೇಡ. ಕಾಲು ಕೂಡಿಕೊಂಡ ಮೇಲೆ ಗುಲಾಬಿ ಬೆಳೆಯುವ ಪಾಲಿಹೌಸಿಗೆ ಕೆಲಸಕ್ಕೆ ಹಾಕುತ್ತಾನಂತೆ. ಅಲ್ಲಿನ ಆಟೋ ಮನೆ ಬಾಗಿಲಿಗೇ ಬರುತ್ತದೆ. ಅವಳು ಅತ್ತಳಂತೆ. ಕೇಳುವವರು ಯಾರು?

ಗಟ್ಟಿ ಗಂಟಲಿನ ಹುಡುಗಿ ಒಂದು ಸಂಜೆ ನಮ್ಮ ತೋಟದ ಬೇಲಿಯ ಪಕ್ಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಳು. ಚೈನು ಕಳಚಿತ್ತು. ಹಾಕಿಕೊಡುತ್ತಾ ಕೇಳಿದೆ: "ಯಾಕಮ್ಮ ನೀವು ಜೋಡೀಲೇ ಹೋಗ್ತಿದ್ದದ್ದು? ಬರೀ ಹರಟೆಗಾ?"

"ಹರಟೆಗೂ ಹೌದು. ಆದ್ರೆ ಆಕೆಗೆ ಸೈಕಲ್ ತುಳ್ಯೋಕ್ ಬಂದಿದ್ದೇ ಈ ವರ್ಷ ತಾತ. ಗೌರ್ಮೆಂಟ್ ಸೈಕಲ್ ಕೊಟ್ಮೇಲೆ ನಾನೇ ಕಲಿಸ್ದೆ. ಹಿಂದೆ ಗಾಡಿ ಬಂದ್ರೆ ಕೈ ನಡುಗ್ತದೆ ಆಕೆಗೆ. ನಾನ್ ಹೊರ್ಗಿದ್ರೆ ಗಾಡಿ ನನ್ನ ಸುತ್ಕೊಂಡ್ ಹೋಗ್ಬೇಕು. ಆಕೆ ಹತ್ರಕ್ಕೆ ಬರಾಕಾಗಲ್ಲ. ಎಲ್ಲಾ ಜೋಡೀನೂ ಹಂಗೇ. ಚೆನ್ನಾಗ್ ತುಳ್ಯೋಕ್ ಬರೋಳು ಹೊರಗೆ, ಬರ್ದೋಳು ಒಳಗೆ."

"ನಿಂಗೆ ಭಯ ಆಗಲ್ವಾ?"

"ಆಗ್ತದೆ. ಮಾತಾಡ್ತಾ ಇದ್ರೆ ಗೊತ್ತಾಗಲ್ಲ."

ಚೈನಿನ ಗ್ರೀಸು ಕೈಗೆ ಹತ್ತಿಕೊಂಡು ಅಲ್ಲೇ ಕುಳಿತೆ. ಅಷ್ಟು ವರ್ಷ ಸುರಕ್ಷತಾ ಸಮಿತಿಯಲ್ಲಿ ಕುಳಿತವನು, ಇಷ್ಟನ್ನು ಮೊದಲೇ ಅವಳನ್ನು ಕೇಳಬಹುದಾಗಿತ್ತು. ಮೈಕಿನಲ್ಲಿ ಅವಳು ಕೇಳಿದಾಗಲಾದರೂ ಕೇಳಿಸಿಕೊಳ್ಳಬಹುದಾಗಿತ್ತು. ಕಾರ್ಖಾನೆಯಲ್ಲಿ ಗೆರೆಯ ಆಚೆ ಓಡುವ ಗಾಡಿಗೂ ಒಂದು ವೇಗವಿತ್ತು, ಅದನ್ನು ಓಡಿಸುವವನಿಗೂ ಭಯವಿತ್ತು. ಇಲ್ಲಿ ಗೆರೆ ಎಳೆದದ್ದು ಸೈಕಲ್ಲಿಗೆ ಮಾತ್ರ.

ಇದಾದ ಮೇಲೂ ನಾನು ತಕ್ಷಣ ಟೆಂಪೊದವನ ಮನೆಗೆ ಹೋಗಲಿಲ್ಲ. ಬಣ್ಣ ಅಳಿಸಲು ಹೋದೆ. ಸೀಮೆಎಣ್ಣೆ, ತಂತಿ ಬ್ರಷ್ಷು, ಕಪ್ಪು ಬಣ್ಣ. ಗೆರೆ ಹೋದರೆ ಮಾತಾಡುವ ಅಗತ್ಯ ಬೀಳುವುದಿಲ್ಲ ಎಂದುಕೊಂಡಿದ್ದೆನೋ ಏನೋ. ಕೊನೆಗೆ ಅವಳು ಕೋಲು ಬಿಟ್ಟು ನಡೆಯತೊಡಗಿದಳು, ಪಾಲಿಹೌಸಿನವರು ಮುಂದಿನ ವಾರದಿಂದ ಬಾ ಅಂದಿದ್ದಾರೆ ಎಂಬ ಸುದ್ದಿ ಬಂತು. ಆಗ ಬಾಟಲಿಯನ್ನು ತೆಗೆದುಕೊಂಡು ಹೋದೆ.

ಟೆಂಪೊದವನು ಮನೆಯ ಮುಂದೆ ಟೊಮೇಟೊ ಕ್ರೇಟಿನ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿಯುತ್ತಿದ್ದ.

"ಗೆರೆ ಎಳ್ದಿದ್ದು ನಂದು ತಪ್ಪು" ಅಂದೆ.

"ನಾನೂ ಒಳ್ಳೇದು ಅಂದಿದ್ನಲ್ಲಣ್ಣ. ಬಿಡು."

"ಅದೊಂದೇ ಅಲ್ಲ. ಆವತ್ತು ನಾನು ಮೋರಿ ಮೇಲೇ ಹೋದೆ. ಆಕೆ ಕೆಳ್ಗೇ ಇದ್ಳು. ಈ ಬಾಟ್ಲು ನೋಡ್ದೆ. ನಿಲ್ಲಿಸ್ಲಿಲ್ಲ."

ಅವನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಬಾಟಲಿಯನ್ನು ನೋಡಿದ, ನನ್ನನ್ನು ನೋಡಲಿಲ್ಲ.

"ನಾನೇ ತಂದ್ಕೊಟ್ಟಿದ್ದು ಅದು. ಹೊಸೂರ್ನಿಂದ" ಅಂದ. "ಇಷ್ಟು ದಿನ ಮಡೀಕೊಂಡಿದ್ಯಾ? ಥೂ. ಏನ್ ಮನ್ಷ ಅಣ್ಣ ನೀನು" ಅಂದ.

ಬಾಗಿಲಿನ ಒಳಗಿನಿಂದ ಅವನ ಮಗಳ ದನಿ ಬಂತು.

"ನಂಗೊತ್ತಿತ್ತು ಅಪ್ಪ. ತಾತನ್ ಗಾಡಿ ಸದ್ದು ಕೇಳ್ತು. ದಿನಾ ಹಿಂದೆ ಬಂದು ಹೆದ್ರಿಸ್ತಿದ್ರಲ್ಲ, ಆ ಸದ್ದು ನಮ್ಗೆಲ್ಲ ಗೊತ್ತು. ತಾತಾ ಅಂತ ಕೂಗ್ದೆ."

ಅವನು ಹಗ್ಗವನ್ನು ಟಾರ್ಪಾಲಿನ ಮೇಲೆ ಎಸೆದ. "ಇದನ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನೀನು ಜಗಳ ಆಡ್ತಿದ್ದೆ. ಅಷ್ಟೇ. ನನ್ನೇನು ಸ್ಕೂಲಿಗೆ ಕಳಿಸ್ತಿದ್ಯಾ?"

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬಾಯಿಗೆ ಬಂದದ್ದನ್ನು ಹೇಳಿದೆ: "ಆಕೇನ ಸ್ಕೂಲಿಗ್ ಕಳ್ಸು. ಹೊರಗಡೆ ಪಕ್ಕದಲ್ಲಿ ನಾನ್ ಬತ್ತೀನಿ. ಸೈಕಲ್ ತಗೊಂಡು. ದಿನಾ."

"ಹೂವು?"

"ಬಿಸಿಲಿಗೆ ಬಿರೀಲಿ."

ಅವನು ನಕ್ಕ, ಆದರೆ ಅದು ನಗುವಲ್ಲ. "ಮೆಟ್ಲು ಹತ್ತಿದ್ರೆ ಏದುಸ್ರು ಬಿಡ್ತೀಯ. ನೀನು ಗಾಡಿ ತಡೀತೀಯ?"

ಮಗಳು ಬಾಗಿಲಿಗೆ ಬಂದಳು. ಒಂದು ಕಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡಳು. "ತಾತ ಬರ್ಲಿ ಅಪ್ಪ. ಆದ್ರೆ ನಾನು ಆ ಗೆರೆ ಒಳ್ಗೆ ಹೋಗಲ್ಲ."

ಅವನು ಅಪ್ಪಣೆ ಕೊಡಲಿಲ್ಲ. ಬೇಡ ಅನ್ನಲೂ ಇಲ್ಲ. ಹಗ್ಗ ಎತ್ತಿಕೊಂಡು ಬಿಗಿಯತೊಡಗಿದ. ಪಾಲಿಹೌಸಿನ ಆಟೋ ಬಂದ ದಿನ ಅವನೇ ಹೊರಗೆ ಬಂದು ಅದನ್ನು ವಾಪಸು ಕಳಿಸಿದನಂತೆ. ನನ್ನೊಂದಿಗೆ ಮಾತ್ರ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ಅದು ಅವನ ಹಕ್ಕು.

ಕಾರ್ಖಾನೆಯ ಕಾಲದ ನನ್ನ ಸೈಕಲ್ ಕೊಟ್ಟಿಗೆಯಲ್ಲಿತ್ತು. ಟ್ಯೂಬು, ಬ್ರೇಕು ಹಾಕಿಸಿದೆ. ಮೊದಲ ದಿನ ಬೇವಿನ ಮರದ ಹತ್ತಿರ ಹುಡುಗಿಯರು ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಗಟ್ಟಿ ಗಂಟಲಿನವಳು, "ಮಾಪಿಳ್ಳೈ ಬಂದ್ರು" ಅಂದಳು. ಆ ಕಥೆ ಮೈಕಿನಲ್ಲಿ ಹೇಳಿದವನು ನಾನೇ ತಾನೇ. ಸಾಲು ಬಿಟ್ಟು ಎಲ್ಲರೂ ಮತ್ತೆ ಜೋಡಿಯಾಗಿದ್ದರು. ಅವಳು ಈ ಸಲ ಬೇರೊಬ್ಬ ಹೊಸಬಳನ್ನು ಒಳಗೆ ಹಾಕಿಕೊಂಡಿದ್ದಳು. ಟೆಂಪೊದವನ ಮಗಳನ್ನು ನನಗೆ ಬಿಟ್ಟಳು.

ಹೊರಗಡೆ ಸೈಕಲ್ ತುಳಿಯುವುದು ಏನೆಂದು ಆಗ ತಿಳಿಯಿತು. ಹಿಂದಿನಿಂದ ಬರುವ ಪ್ರತಿ ಹಾರ್ನೂ ಬೆನ್ನಿನ ಹುರಿಗೇ ಬಂದು ಬಡಿಯುತ್ತದೆ. ಅದೂ ಎಷ್ಟು ಹಾರ್ನು! ನಿಂತಿರುವ ಎಮ್ಮೆಗೂ ಹಾರ್ನು, ಖಾಲಿ ತಿರುವಿಗೂ ಹಾರ್ನು. ಬೈಕಿನ ಹುಡುಗನೊಬ್ಬ ದಾಟುತ್ತಾ, "ಯೋವ್ ತಾತ, ರೋಡೇನು ನಿಮ್ಮಪ್ಪಂದಾ?" ಎಂದು ಕೂಗಿದ. ನನ್ನ ಮಾತನ್ನೇ ನನಗೆ ಕೊಟ್ಟು ಹೋದ. ಹುಡುಗಿಯರಿಗೆ ನಕ್ಕು ನಕ್ಕು ಸಾಕಾಯಿತು. ನನಗೆ ರೇಗಿತು. ಅವನ ಹಿಂದೆ ಏನೋ ಕೂಗಲು ಹೋಗಿ ಕೆಮ್ಮು ಬಂತು.

ಜೋಡಿಯಾಗಿ ಹೋಗಬಹುದೋ ಬಾರದೋ ಎಂದು ಈಗಲೂ ಟೀ ಅಂಗಡಿಯಲ್ಲಿ ಕೇಳುತ್ತಾರೆ. ಹಿಂದೆ ಯಾವುದಾದರೂ ಗಾಡಿ ಬಹಳ ಹೊತ್ತು ಕಾದರೆ, ಜಾಗ ಕಂಡಲ್ಲಿ ಹುಡುಗಿಯರು ತಾವಾಗಿಯೇ ಸಾಲಾಗಿ ಬಿಡುತ್ತಾರೆ, ದಾಟಿದ ಮೇಲೆ ಮತ್ತೆ ಜೋಡಿಯಾಗುತ್ತಾರೆ. ನಾನು ಮೈಕ್ ಹಿಡಿಯುವ ಮೊದಲೂ ಹಾಗೇ ಮಾಡುತ್ತಿದ್ದರಂತೆ. ನನ್ನ ಮೊಪೆಡ್ಡಿಗೆ ಮಾತ್ರ ಕಾಯುವ ತಾಳ್ಮೆ ಇರಲಿಲ್ಲ. ಇಷ್ಟನ್ನು ಹೇಳಿದರೆ ಕಂಡಕ್ಟರು, "ಗೆರೆ ಎಳ್ದೋರು ನೀವೇ ತಾನೆ ಸ್ವಾಮಿ?" ಅನ್ನುತ್ತಾನೆ. ಹೌದಪ್ಪ, ನಾನೇ. ದಿನಾ ಅದರ ಪಕ್ಕದಲ್ಲೇ ಹೋಗುತ್ತೇನೆ, ದಿನಾ ಅದು ನನ್ನ ಕಣ್ಣು ಕುಕ್ಕುತ್ತದೆ.

ಮೋರಿ ದಾಟಿದ ಮೇಲೆ ಒಂದು ಸಣ್ಣ ದಿಣ್ಣೆ ಇದೆ. ಮೊದಲ ದಿನಗಳಲ್ಲಿ ಟೆಂಪೊದವನ ಮಗಳು ಮೋರಿ ಹತ್ತಿರ ಬರುತ್ತಲೇ ಮಾತು ನಿಲ್ಲಿಸುತ್ತಿದ್ದಳು. ಹ್ಯಾಂಡಲ್ ಬಿಗಿ ಹಿಡಿಯುತ್ತಿದ್ದಳು. ನಾನು ಏನಾದರೂ ಕೇಳುತ್ತಿದ್ದೆ, ಪಾಠದ್ದು, ಊಟದ್ದು. ಈಚೆಗೆ ಅವಳು ಮಾತು ನಿಲ್ಲಿಸುವುದಿಲ್ಲ. ಲೆಕ್ಕದ ಟೀಚರಿನ ಕನ್ನಡಕದ ಕಥೆ ಮೂರು ದಿನದಿಂದ ನಡೆಯುತ್ತಿದೆ.

ಮೊನ್ನೆ ಆ ದಿಣ್ಣೆಯಲ್ಲಿ ನನಗೆ ಉಸಿರು ಹಿಡಿಯಿತು. ಸೈಕಲ್ ಓಲಾಡಿತು. ಹಿಂದೆ ಬಸ್ಸು. ಅವಳು ಒಮ್ಮೆ ತಿರುಗಿ ನೋಡಿ, ಬ್ರೇಕ್ ಹಿಡಿದು ಹಿಂದೆ ಸರಿದು, ನನ್ನ ಬಲಗಡೆಗೆ ಬಂದಳು.

"ತಾತ, ನೀವ್ ಒಳಕ್ ಬನ್ನಿ."

"ಬೇಡಮ್ಮ, ನಾನೇ..."

"ಒಳಕ್ ಬನ್ನಿ ಅಂದ್ನಲ್ಲ. ತೀರಾ ಅಂಚಿಗ್ ಹೋಗ್ಬೇಡಿ, ಗೆರೆ ಈಚೆಗೇ ಇರಿ."

ಬಸ್ಸಿನವನು ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಆ ದರಿದ್ರ ಹಾರ್ನಿಗೆ ನಾನು ಹ್ಯಾಂಡಲನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದೆ. ಅವಳು ತಿರುಗಿ ನೋಡದೆ ಬಲಗೈ ಎತ್ತಿ, ತಾಳು ಎನ್ನುವಂತೆ ಅಂಗೈ ಅಗಲಿಸಿ ಹಿಡಿದಳು. ದಿಣ್ಣೆ ಮುಗಿಯುವವರೆಗೂ ಬಸ್ಸು ನಮ್ಮ ಹಿಂದೆಯೇ ಗೊಣಗುತ್ತಾ ಬಂತು.

"ಎಲ್ಲೀವರ್ಗೂ ಹೇಳಿದ್ದೆ ತಾತ?" ಅಂದಳು. "ಹಾಂ, ಆ ಕನ್ನಡಕ..."